ಚಾಂಗಿ ವಿಮಾನ ನಿಲ್ದಾಣ: ಮೊದಲ ಬಾರಿಗೆ ಸಿಂಗಪುರದ ಮೂಲಕ ಹೋಗುವವರಿಗೆ ಒಂದು ಮಾರ್ಗದರ್ಶಿ

ಬೆಂಗಳೂರಿನಿಂದ ಮೆಲ್ಬರ್ನ್, ಸಿಡ್ನಿ, ಆಕ್ಲೆಂಡ್ ಕಡೆಗೆ ಮಕ್ಕಳ ಮನೆಗೆ ಹೊರಡುವ ತಂದೆ ತಾಯಂದಿರಲ್ಲಿ ಬಹಳ ಮಂದಿ ಸಿಂಗಪುರದ ಚಾಂಗಿಯಲ್ಲಿ ವಿಮಾನ ಬದಲಿಸುತ್ತಾರೆ. ಸಿಂಗಪುರವನ್ನೇ ನೋಡಲು ಹೋಗುವವರು, ಅಲ್ಲಿ ಕೆಲಸದಲ್ಲಿರುವ ಮಗಳ ಬಾಣಂತನಕ್ಕೆ ಹೋಗುವ ತಾಯಂದಿರು ಅಲ್ಲಿಯೇ ಇಳಿಯುತ್ತಾರೆ. ನಾನು ಹಲವು ವರ್ಷಗಳಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. ನನ್ನ ತಾಯಿಯನ್ನು, ಚಿಕ್ಕಮ್ಮನನ್ನು, ಅತ್ತೆ ಮಾವಂದಿರನ್ನು ಬೇರೆ ಬೇರೆ ಸಲ ಒಬ್ಬೊಬ್ಬರನ್ನಾಗಿಯೇ ಈ ನಿಲ್ದಾಣದ ಮೂಲಕ ಕರೆಸಿಕೊಂಡಿದ್ದೇನೆ. ಅವರು ಹೊರಡುವ ಮುನ್ನ ಪ್ರತಿ ಬಾರಿಯೂ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಸಿಂಗಪುರ ಒಂದು ದ್ವೀಪ. ಅದರ ಪೂರ್ವದ ತುದಿಯಲ್ಲಿ, ಬಹುಪಾಲು ಸಮುದ್ರವನ್ನು ತುಂಬಿಸಿ ಪಡೆದ ನೆಲದ ಮೇಲೆ ಚಾಂಗಿ ನಿಲ್ದಾಣವಿದೆ. 1981ರಲ್ಲಿ ಒಂದು ಟರ್ಮಿನಲ್‌ನೊಂದಿಗೆ ಆರಂಭವಾದ ಇದಕ್ಕೆ 1990ರಲ್ಲಿ ಎರಡನೆಯದು, 2008ರಲ್ಲಿ ಮೂರನೆಯದು, 2017ರಲ್ಲಿ ನಾಲ್ಕನೆಯದು ಸೇರಿಕೊಂಡವು. 2024ರಲ್ಲಿ ಸುಮಾರು 6.77 ಕೋಟಿ ಪ್ರಯಾಣಿಕರು ಇದನ್ನು ಬಳಸಿದರು. ಈ ಸಂಖ್ಯೆ ಕೇಳಿ ಹೆದರುವ ಅಗತ್ಯವಿಲ್ಲ. ಇಷ್ಟು ದೊಡ್ಡ ನಿಲ್ದಾಣಗಳಲ್ಲಿ ಇಷ್ಟು ಸುಲಭವಾಗಿ ದಾರಿ ಸಿಗುವಂಥದ್ದನ್ನು ನಾನು ಬೇರೆ ಕಂಡಿಲ್ಲ. ಆದರೆ ಒಂದು ಮಾತನ್ನು ಮನೆ ಬಿಡುವ ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು: ನೀವು ಚಾಂಗಿಯಲ್ಲಿ ವಿಮಾನ ಬದಲಿಸುವವರೋ, ಸಿಂಗಪುರದ ಒಳಗೆ ಹೋಗುವವರೋ? ವೀಸಾ, ಲಗೇಜು, ನಡೆಯಬೇಕಾದ ದಾರಿ, ತುಂಬಬೇಕಾದ ಅರ್ಜಿ ಎಲ್ಲವೂ ಈ ಒಂದು ಪ್ರಶ್ನೆಯ ಉತ್ತರದ ಮೇಲೆ ನಿಂತಿವೆ. ನಾನು ಕಂಡ ಗೊಂದಲಗಳಲ್ಲಿ ಹೆಚ್ಚಿನವು ಈ ಎರಡು ದಾರಿಗಳನ್ನು ಬೆರೆಸಿಕೊಂಡದ್ದರಿಂದಲೇ ಆದವು.

ಟಿಕೆಟ್ ಕೊಳ್ಳುವಾಗ

ವಿಮಾನ ಬದಲಿಸುವವರು ಬೆಂಗಳೂರಿನಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್, ಅಂದರೆ ಒಂದೇ ಪಿಎನ್‌ಆರ್ ಸಂಖ್ಯೆಯಡಿ ಕೊಳ್ಳಬೇಕು. ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ಕೆಲವು ಸಾವಿರ ರೂಪಾಯಿ ಉಳಿಯುವುದು ನಿಜ. ಆದರೆ ಆಗ ನಿಮ್ಮ ಪೆಟ್ಟಿಗೆಗಳು ಸಿಂಗಪುರದಲ್ಲಿಯೇ ಹೊರಬೀಳುವ ಸಾಧ್ಯತೆಯಿದೆ. ಅವನ್ನು ಎತ್ತಿಕೊಳ್ಳಲು ಇಮಿಗ್ರೇಷನ್, ಅಂದರೆ ಪಾಸ್‌ಪೋರ್ಟ್ ತಪಾಸಣೆ, ದಾಟಿ ದೇಶದ ಒಳಗೆ ಹೋಗಬೇಕು. ಒಳಗೆ ಹೋಗಲು ಭಾರತೀಯ ಪಾಸ್‌ಪೋರ್ಟಿನವರಿಗೆ ಸಾಮಾನ್ಯವಾಗಿ ವೀಸಾ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ಎಪ್ಪತ್ತು ವರ್ಷದ ಹಿರಿಯರನ್ನು ಒಬ್ಬರೇ ಕಳುಹಿಸುವಾಗ ಈ ಉಳಿತಾಯ ಬೇಡವೇ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದೇ ಟಿಕೆಟ್ ಇದ್ದು, ಲಗೇಜು ಕೊನೆಯ ಊರಿಗೇ ಹೋಗುವಂತಿದ್ದು, ನೀವು ನಿಲ್ದಾಣದ ಟ್ರಾನ್ಸಿಟ್ ಪ್ರದೇಶವನ್ನು, ಅಂದರೆ ಇಮಿಗ್ರೇಷನ್ ದಾಟದೆ ಮುಂದಿನ ವಿಮಾನಕ್ಕೆ ಕಾಯುವ ಭಾಗವನ್ನು, ಬಿಟ್ಟು ಹೊರಗೆ ಹೋಗದಿದ್ದರೆ ಸಿಂಗಪುರದ ವೀಸಾ ಬೇಕಿಲ್ಲ. ಎರಡು ವಿಮಾನಗಳ ನಡುವಿನ ಅಂತರ ಒಂದೂಕಾಲು ಗಂಟೆ ಇದ್ದರೂ ವಿಮಾನಯಾನ ಸಂಸ್ಥೆಗಳು ಟಿಕೆಟ್ ಮಾರುತ್ತವೆ, ಯುವಕರಿಗೆ ಅದು ಸಾಲುತ್ತದೆ ಕೂಡ. ವಯಸ್ಸಾದವರಿಗೆ, ಎಳೆ ಮಕ್ಕಳೊಂದಿಗೆ ಹೋಗುವವರಿಗೆ ಮೂರು ಗಂಟೆಯ ಅಂತರವಿರುವ ಟಿಕೆಟನ್ನೇ ಹುಡುಕಿ. ನಿಧಾನವಾಗಿ ನಡೆದು, ಶೌಚಾಲಯಕ್ಕೆ ಹೋಗಿ, ಏನಾದರೂ ತಿಂದು, ಗೇಟಿಗೆ ನೆಮ್ಮದಿಯಿಂದ ತಲುಪಲು ಅಷ್ಟು ಹೊತ್ತು ಬೇಕು.

ಮಂಡಿನೋವು ಇರುವವರಿಗೆ ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡಿಸುವಾಗಲೇ, ಕಡೆಯ ಪಕ್ಷ ಪ್ರಯಾಣಕ್ಕೆ 48 ಗಂಟೆ ಮೊದಲಾದರೂ, ವಿಮಾನಯಾನ ಸಂಸ್ಥೆಗೆ ತಿಳಿಸಬೇಕು. ನಡೆಯಬಲ್ಲವರು ಇದನ್ನು ಕೇಳಲು ಸಂಕೋಚಪಡುತ್ತಾರೆ. ಮನೆಯಿಂದ ದೇವಸ್ಥಾನಕ್ಕೆ ನಡೆಯುವುದಕ್ಕೂ, ನಿದ್ದೆಗೆಟ್ಟ ರಾತ್ರಿಯ ಮರುದಿನ ಕೈಚೀಲ ಹಿಡಿದು ಅರ್ಧ ಗಂಟೆ ನಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಅಗತ್ಯವಿದ್ದವರು ಸಂಕೋಚವಿಲ್ಲದೆ ಕೇಳಿಕೊಳ್ಳಲಿ.

ಪೆಟ್ಟಿಗೆ ಕಟ್ಟುವಾಗ

ಸಿಂಗಪುರಕ್ಕೆ ಹೋಗುವ ಕನ್ನಡಿಗರಿಗೆ ಮೊದಲು ಹೇಳಬೇಕಾದದ್ದು ಗಸಗಸೆಯ ವಿಷಯ. ಮಗಳಿಗೆ ಪಾಯಸ ಮಾಡಿಕೊಡಲೆಂದು, ಸಾರಿನ ಪುಡಿಯ ಪೊಟ್ಟಣಗಳ ನಡುವೆ ನೂರು ಗ್ರಾಂ ಗಸಗಸೆಯನ್ನು ತಾಯಂದಿರು ಇಟ್ಟುಕೊಳ್ಳುವುದು ನಮ್ಮಲ್ಲಿ ತೀರಾ ಸಹಜ. ಆದರೆ ಅದು ಅಫೀಮಿನ ಗಿಡದ ಬೀಜ. ಸಿಂಗಪುರದ ಮಾದಕವಸ್ತು ನಿಯಂತ್ರಣ ಸಂಸ್ಥೆ ಅದನ್ನು ನಿಷೇಧಿತ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ನನ್ನ ಚಿಕ್ಕಮ್ಮ ಹೊರಡುವ ಹಿಂದಿನ ರಾತ್ರಿ ವಿಡಿಯೊ ಕರೆಯಲ್ಲಿ ಪೆಟ್ಟಿಗೆ ತೋರಿಸುತ್ತಿದ್ದಾಗ, ಹುರಿಗಡಲೆ ಮತ್ತು ಹುಣಸೆಹಣ್ಣಿನ ನಡುವೆ ದಾರದಿಂದ ಕಟ್ಟಿದ ಪುಟ್ಟ ಕಾಗದದ ಪೊಟ್ಟಣವೊಂದು ಕಂಡಿತು. ಕೇಳಿದಾಗ ಅದು ಗಸಗಸೆ ಎಂದರು. ತೆಗೆಸಿದೆವು. ಅವರು ಸಿಂಗಪುರದ ಒಳಗೆ ಹೋಗುವವರಾಗಿರಲಿಲ್ಲ, ವಿಮಾನ ಬದಲಿಸುವವರಷ್ಟೇ. ಹಾಗಿದ್ದರೂ ಅಪಾಯವನ್ನು ಹೊತ್ತುಕೊಂಡು ಹೋಗಬಾರದು. ಗಸಗಸೆ ಹಾಕಿ ರುಬ್ಬಿದ ಮಸಾಲೆ ಪುಡಿಗಳನ್ನೂ ಮನೆಯಲ್ಲಿಯೇ ಬಿಡುವುದು ಒಳ್ಳೆಯದು.

ಮಾದಕವಸ್ತುಗಳ ವಿಷಯದಲ್ಲಿ ಸಿಂಗಪುರದ ಕಾನೂನು ಎಷ್ಟು ಕಠಿಣವೆಂದರೆ, ನಿಗದಿತ ಪ್ರಮಾಣ ಮೀರಿದ ಸಾಗಣೆಗೆ ಅಲ್ಲಿ ಮರಣದಂಡನೆ ಇದೆ. ಆದ್ದರಿಂದ ಪರಿಚಯದವರೇ ಆಗಲಿ, ಪಕ್ಕದ ಮನೆಯವರೇ ಆಗಲಿ, ‘ನಮ್ಮ ಹುಡುಗನಿಗೆ ಇದೊಂದು ಕೊಟ್ಟುಬಿಡಿ’ ಎಂದು ಕೊಡುವ ಪೊಟ್ಟಣವನ್ನು ನೀವೇ ಬಿಚ್ಚಿ ನೋಡದೆ ಪೆಟ್ಟಿಗೆಗೆ ಹಾಕಿಕೊಳ್ಳಬೇಡಿ. ಕೊಟ್ಟವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಔಷಧಿಗಳಿಗೆ ವೈದ್ಯರ ಚೀಟಿ ಜೊತೆಯಲ್ಲಿರಲಿ, ಮಾತ್ರೆಗಳು ಮೂಲ ಹಾಳೆಯಲ್ಲಿಯೇ ಇರಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳನ್ನು ಸ್ವಂತ ಬಳಕೆಗೆ ಮೂರು ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಆದರೆ ಕೆಲವು ನಿದ್ದೆ ಮಾತ್ರೆಗಳು, ಕೊಡೈನ್ ಅಥವಾ ಟ್ರಮಡಾಲ್ ಸೇರಿರುವ ನೋವಿನ ಮಾತ್ರೆಗಳು ಮತ್ತು ಕೆಮ್ಮಿನ ಔಷಧಿಗಳಿಗೆ ಅಲ್ಲಿನ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಪೂರ್ವಾನುಮತಿ ಬೇಕಾಗಬಹುದು. ಅಂಥವು ನಿಮ್ಮ ಚೀಟಿಯಲ್ಲಿದ್ದರೆ ಪ್ರಯಾಣಕ್ಕೆ ಎರಡು ಮೂರು ವಾರ ಮೊದಲೇ ಪ್ರಾಧಿಕಾರದ ಜಾಲತಾಣದಲ್ಲಿ ನೋಡಿ ಅರ್ಜಿ ಹಾಕಬೇಕು. ಚ್ಯೂಯಿಂಗ್ ಗಮ್ ಮತ್ತು ಇ-ಸಿಗರೇಟನ್ನು ಸಿಂಗಪುರದೊಳಗೆ ತರುವಂತಿಲ್ಲ. ಸಿಗರೇಟಿಗೆ ಸುಂಕದ ವಿನಾಯಿತಿ ಸ್ವಲ್ಪವೂ ಇಲ್ಲ.

ಇನ್ನು ಉಪ್ಪಿನಕಾಯಿ, ತುಪ್ಪ, ಗೊಜ್ಜು, ಹಸಿ ಚಟ್ನಿ. ಭದ್ರತಾ ತಪಾಸಣೆಯವರ ಲೆಕ್ಕದಲ್ಲಿ ಇವೆಲ್ಲವೂ ದ್ರವ ಪದಾರ್ಥಗಳೇ. 100 ಮಿಲಿಲೀಟರಿಗಿಂತ ದೊಡ್ಡ ಡಬ್ಬಿಯಲ್ಲಿದ್ದರೆ ಕೈಚೀಲದಲ್ಲಿ ಬಿಡುವುದಿಲ್ಲ. ಬೆಂಗಳೂರಿನಲ್ಲಿ ಹೇಗೋ ಕಣ್ಣು ತಪ್ಪಿಸಿಕೊಂಡು ಬಂದದ್ದು ಚಾಂಗಿಯ ಗೇಟಿನಲ್ಲಿ ಸಿಕ್ಕಿಬೀಳುತ್ತದೆ, ಏಕೆಂದರೆ ವಿಮಾನ ಬದಲಿಸುವವರಿಗೂ ಅಲ್ಲಿ ಮತ್ತೊಮ್ಮೆ ತಪಾಸಣೆಯಿದೆ. ಮಾವಿನಕಾಯಿ ಉಪ್ಪಿನಕಾಯಿಯ ಡಬ್ಬಿ ಚೆಕ್-ಇನ್ ಪೆಟ್ಟಿಗೆಗೇ ಹೋಗಲಿ. ಕೈಚೀಲದಲ್ಲಿ ಚಟ್ನಿಪುಡಿ, ಕೋಡುಬಳೆ, ಚಪಾತಿಯಂಥ ಒಣ ತಿಂಡಿ ಇರಲಿ. ಒಂದು ಶಾಲೋ ಸ್ವೆಟರೋ ಕೂಡ ಕೈಗೆ ಸಿಗುವಂತಿರಲಿ. ಹೊರಗೆ ಮಂಗಳೂರಿನಂಥ ಸೆಕೆಯಿದ್ದರೂ ಚಾಂಗಿಯ ಒಳಗೆ ಹವಾನಿಯಂತ್ರಣದ ಚಳಿ ನಡುಗಿಸುತ್ತದೆ.

ಕಾಗದಪತ್ರ

ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಸಿಂಗಪುರದ ಒಳಗೆ ಹೋಗುವವರು ವೀಸಾದ ಜೊತೆಗೆ ‘ಎಸ್‌ಜಿ ಅರೈವಲ್ ಕಾರ್ಡ್’ ಎಂಬ ಆನ್‌ಲೈನ್ ಅರ್ಜಿಯನ್ನು ತುಂಬಬೇಕು. ತಲುಪುವ ದಿನವೂ ಸೇರಿದಂತೆ ಮೂರು ದಿನಗಳ ಒಳಗೆ ಇದನ್ನು ಸಲ್ಲಿಸಬೇಕು; ವಾರ ಮೊದಲೇ ತುಂಬಲು ಬರುವುದಿಲ್ಲ. ಸಿಂಗಪುರ ಸರ್ಕಾರದ ವಲಸೆ ಇಲಾಖೆಯ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆ್ಯಪ್‌ನಲ್ಲಿ ಇದು ಸಂಪೂರ್ಣ ಉಚಿತ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಎಂಬಂತೆ ಕಾಣುವ ಖಾಸಗಿ ತಾಣಗಳು ಹಣ ಕೇಳುತ್ತವೆ. ಹಣ ಕೇಳಿದ ಕೂಡಲೇ ಅದನ್ನು ಮುಚ್ಚಿಬಿಡಿ. ಈ ಕಾರ್ಡು ವೀಸಾ ಅಲ್ಲ ಎಂಬುದನ್ನೂ ನೆನಪಿಡಬೇಕು. ಟ್ರಾನ್ಸಿಟ್ ಪ್ರದೇಶದಲ್ಲಿಯೇ ಇದ್ದು ಮುಂದೆ ಹೋಗುವವರಿಗೆ ಇದರ ಅಗತ್ಯವಿಲ್ಲ.

ನಡುವೆ ಒಂದು ಅನುಕೂಲವಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ಅಮೆರಿಕ, ಬ್ರಿಟನ್, ಜಪಾನ್, ಜರ್ಮನಿ, ಸ್ವಿಟ್ಜರ್ಲೆಂಡ್ ಈ ದೇಶಗಳ ಚಾಲ್ತಿ ವೀಸಾ ಇರುವ ಭಾರತೀಯರು ಮೂರನೆಯ ದೇಶಕ್ಕೆ ಹೋಗುವಾಗ ಅಥವಾ ಅಲ್ಲಿಂದ ಮರಳುವಾಗ, ಷರತ್ತುಗಳಿಗೆ ಒಳಪಟ್ಟು, ಸಿಂಗಪುರದ ವೀಸಾ ಇಲ್ಲದೆಯೇ 96 ಗಂಟೆಗಳವರೆಗೆ ಒಳಗೆ ಹೋಗಿಬರಬಹುದು. ಖಚಿತವಾದ ಮುಂದಿನ ಟಿಕೆಟ್ ಕೈಯಲ್ಲಿರಬೇಕು, ವೀಸಾದ ಅವಧಿ ಸಾಕಷ್ಟು ಉಳಿದಿರಬೇಕು, ಕೊನೆಯ ತೀರ್ಮಾನ ಅಲ್ಲಿನ ಅಧಿಕಾರಿಯದ್ದು. ಆಸ್ಟ್ರೇಲಿಯಾದ ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿಸಿ ಬರುವುದಿಲ್ಲವಾದ್ದರಿಂದ ವೀಸಾ ಮಂಜೂರಾದ ಪತ್ರವನ್ನು ಮುದ್ರಿಸಿಯೇ ಒಯ್ಯಬೇಕು. ಈ ಸೌಲಭ್ಯದಲ್ಲಿ ಒಳಗೆ ಹೋಗುವವರೂ ಅರೈವಲ್ ಕಾರ್ಡ್ ತುಂಬಲೇಬೇಕು.

ಮಕ್ಕಳು ಮಾಡಬೇಕಾದ ಒಂದು ಕೆಲಸವಿದೆ. ಒಂದು ದಪ್ಪ ಹಾಳೆಯ ಮೇಲೆ, ಮೇಲ್ಭಾಗದಲ್ಲಿ ಕನ್ನಡದಲ್ಲಿಯೂ ಕೆಳಭಾಗದಲ್ಲಿ ಇಂಗ್ಲಿಷಿನಲ್ಲಿಯೂ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ: ಎರಡೂ ವಿಮಾನಗಳ ಸಂಖ್ಯೆ, ಎರಡನೆಯ ವಿಮಾನ ಹೊರಡುವ ಸಿಂಗಪುರದ ಸಮಯ, ಕೊನೆಯ ಊರು, ಮಗನ ಅಥವಾ ಮಗಳ ಹೆಸರು ಮತ್ತು ದೇಶದ ಸಂಖ್ಯೆ ಸಮೇತ ಫೋನ್ ನಂಬರು, ‘ನನಗೆ ಇಂಗ್ಲಿಷ್ ಬಾರದು, ನನ್ನನ್ನು ಈ ವಿಮಾನದ ಗೇಟಿಗೆ ಕರೆದುಕೊಂಡು ಹೋಗಿ’ ಎಂಬ ಒಂದು ವಾಕ್ಯ. ನನ್ನ ತಾಯಿ ಆ ಹಾಳೆಯನ್ನು ಪಾಸ್‌ಪೋರ್ಟಿನೊಳಗೆ ಮಡಿಸಿಟ್ಟುಕೊಂಡಿದ್ದರು. ಹೋಗುವಾಗಲೂ ಬರುವಾಗಲೂ ಅದನ್ನು ತೋರಿಸಿಯೇ ದಾಟಿದರು. ತಮಿಳು ಸಿಂಗಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ನಿಲ್ದಾಣದ ಸಿಬ್ಬಂದಿಯಲ್ಲಿ ತಮಿಳು ಬಲ್ಲವರು ಸಿಗುತ್ತಾರೆ, ನಮ್ಮ ಬೆಂಗಳೂರು, ಕೋಲಾರದ ಕಡೆಯ ಹಿರಿಯರಿಗೆ ಅದು ದೊಡ್ಡ ಧೈರ್ಯ.

ಬೆಂಗಳೂರಿನ ಕೌಂಟರಿನಲ್ಲಿ

ಲಗೇಜು ಕೊಡುವಾಗ ಮೂರು ವಿಷಯಗಳನ್ನು ಬಾಯಿಬಿಟ್ಟು ಕೇಳಿ. ಪೆಟ್ಟಿಗೆ ಕೊನೆಯ ಊರಿಗೇ ಹೋಗುತ್ತದೆಯೇ? ಲಗೇಜಿಗೆ ಕಟ್ಟುವ ಪಟ್ಟಿಯ ಮೇಲೆ ಊರಿನ ಮೂರು ಅಕ್ಷರದ ಸಂಕೇತವಿರುತ್ತದೆ. ಮೆಲ್ಬರ್ನ್ ಆದರೆ ಎಂಇಎಲ್, ಸಿಡ್ನಿ ಆದರೆ ಎಸ್‌ವೈಡಿ. ಎಸ್‌ಐಎನ್ ಎಂಬುದೊಂದೇ ಇದ್ದರೆ ಪೆಟ್ಟಿಗೆ ಸಿಂಗಪುರದಲ್ಲಿಯೇ ಇಳಿಯುತ್ತದೆ ಎಂದರ್ಥ. ಆಗ ಅಲ್ಲಿಯೇ ನಿಂತು ವಿಚಾರಿಸಬೇಕು. ಎರಡನೆಯ ವಿಮಾನದ ಬೋರ್ಡಿಂಗ್ ಪಾಸನ್ನು ಇಲ್ಲಿಯೇ ಕೊಡುತ್ತೀರಾ? ಒಂದೇ ಟಿಕೆಟ್ ಇದ್ದರೆ ಸಾಮಾನ್ಯವಾಗಿ ಕೊಡುತ್ತಾರೆ. ಕೊಡದಿದ್ದರೆ ಚಾಂಗಿಯಲ್ಲಿ ಟ್ರಾನ್ಸ್‌ಫರ್ ಕೌಂಟರಿಗೆ ಹೋಗಿ ಪಡೆಯಬೇಕು. ವೀಲ್‌ಚೇರ್ ಕೇಳಿಕೊಂಡದ್ದು ಎರಡೂ ವಿಮಾನಗಳಿಗೆ ದಾಖಲಾಗಿದೆಯೇ? ಲಗೇಜಿನ ಚೀಟಿಯನ್ನು ಬೋರ್ಡಿಂಗ್ ಪಾಸಿನ ಹಿಂಬದಿಗೆ ಅಂಟಿಸಿಕೊಡುತ್ತಾರೆ, ಅದನ್ನು ಕೊನೆಯವರೆಗೂ ಕಳೆಯಬಾರದು.

ಬೆಂಗಳೂರಿನ ಸುಂಕರಹಿತ ಅಂಗಡಿಯಲ್ಲಿ ಮದ್ಯವನ್ನೋ ದೊಡ್ಡ ಸುಗಂಧದ್ರವ್ಯದ ಬಾಟಲಿಯನ್ನೋ ಕೊಂಡರೆ ಅದನ್ನು ಮುದ್ರೆ ಒತ್ತಿದ ಪಾರದರ್ಶಕ ಚೀಲದಲ್ಲಿ ರಸೀದಿ ಸಮೇತ ಕೊಡಿಸಿಕೊಳ್ಳಿ. ಕೊನೆಯ ಊರು ಮುಟ್ಟುವವರೆಗೂ ಆ ಚೀಲವನ್ನು ಒಡೆಯಬಾರದು.

ಚಾಂಗಿಯಲ್ಲಿ ಇಳಿದ ಮೇಲೆ: ವಿಮಾನ ಬದಲಿಸುವವರಿಗೆ

ಬೆಂಗಳೂರಿನಿಂದ ಹಾರಾಟ ಸುಮಾರು ನಾಲ್ಕೂವರೆ ಗಂಟೆಯದು. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ರಾತ್ರಿ ಹನ್ನೊಂದರ ಸುಮಾರಿಗೆ ಹೊರಟವರು ಅಲ್ಲಿನ ಬೆಳಿಗ್ಗೆ ಆರರ ಹೊತ್ತಿಗೆ ಇಳಿಯುತ್ತಾರೆ. ಮೈಗೆ ಮಾತ್ರ ಅದು ನಡುರಾತ್ರಿ ಮೂರೂವರೆ. ಕೈಗಡಿಯಾರವನ್ನು ವಿಮಾನದಲ್ಲಿಯೇ ತಿರುಗಿಸಿಕೊಳ್ಳಿ. ಊರಿನ ಸಮಯವನ್ನೇ ನೋಡಿಕೊಂಡು ‘ಇನ್ನೂ ಹೊತ್ತಿದೆ’ ಎಂದು ಕುಳಿತು ವಿಮಾನ ತಪ್ಪಿಸಿಕೊಳ್ಳುವ ಸಂಭವ ಇಲ್ಲಿ ನಿಜವಾಗಿಯೂ ಇದೆ.

ವಿಮಾನದ ಬಾಗಿಲು ದಾಟಿ ಸೇತುವೆಯಿಂದ ಹೊರಬಂದರೆ ನೀವು ನೇರವಾಗಿ ಅಂಗಡಿಗಳ ಸಾಲಿಗೆ ಬರುತ್ತೀರಿ. ಒಂದು, ಎರಡು, ಮೂರನೆಯ ಟರ್ಮಿನಲ್‌ಗಳಲ್ಲಿ ಬಂದಿಳಿದವರೂ ಹೊರಡುವವರೂ ಒಂದೇ ಪಡಸಾಲೆಯಲ್ಲಿ ಬೆರೆತು ನಡೆಯುತ್ತಾರೆ. ಹಾಗಾಗಿ ಎಲ್ಲರೂ ಹೋದ ಕಡೆಗೆ ಹೋಗುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಾರದು. ನನ್ನ ಅತ್ತೆಯವರು ಪಕ್ಕದ ಸೀಟಿನ ಕುಟುಂಬದವರನ್ನು ಹಿಂಬಾಲಿಸಿ, ಎಸ್ಕಲೇಟರಿನಲ್ಲಿ ಇಳಿದು, ಇಮಿಗ್ರೇಷನ್ ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದರು. ಆ ಕುಟುಂಬ ಸಿಂಗಪುರ ನೋಡಲು ಬಂದಿತ್ತು. ಅಧಿಕಾರಿಯೊಬ್ಬರು ಬೋರ್ಡಿಂಗ್ ಪಾಸ್ ನೋಡಿ, ಮೇಲಕ್ಕೆ ಹೋಗುವ ದಾರಿಯನ್ನು ಕೈಹಿಡಿದು ತೋರಿಸಿದರು. ವಿಮಾನ ಬದಲಿಸುವವರು ‘ಅರೈವಲ್’, ‘ಬ್ಯಾಗೇಜ್ ಕ್ಲೇಮ್’ ಎಂಬ ಫಲಕಗಳ ಕಡೆಗೆ ಹೋಗಲೇಬಾರದು, ಕೆಳಗಿನ ಅಂತಸ್ತಿಗೆ ಇಳಿಯಲೇಬಾರದು. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ದಾರಿ ಸಾಗಿದಂತೆಯೇ.

ಮೊದಲು ಎದುರಿಗೆ ಸಿಗುವ ದೊಡ್ಡ ಪರದೆಯ ಬಳಿ ನಿಂತು ನಿಮ್ಮ ವಿಮಾನದ ಸಂಖ್ಯೆಯನ್ನು ಹುಡುಕಿ. ಊರಿನ ಹೆಸರನ್ನು ಮಾತ್ರ ನೋಡಬೇಡಿ. ಒಂದೇ ಊರಿಗೆ ಅರ್ಧ ಗಂಟೆಯ ಅಂತರದಲ್ಲಿ ಎರಡು ವಿಮಾನಗಳಿರಬಹುದು. ಸಂಖ್ಯೆಯ ಮುಂದೆ ಗೇಟಿನ ಹೆಸರು ಬರುತ್ತದೆ. ಬೆಂಗಳೂರಿನಲ್ಲಿ ಕೊಟ್ಟ ಪಾಸಿನ ಮೇಲೆ ಗೇಟು ಅಚ್ಚಾಗಿದ್ದರೂ ಪರದೆಯಲ್ಲಿರುವುದೇ ಸರಿ, ಏಕೆಂದರೆ ಗೇಟುಗಳು ಬದಲಾಗುತ್ತವೆ.

ಗೇಟಿನ ಮೊದಲ ಅಕ್ಷರವೇ ಟರ್ಮಿನಲ್ ಯಾವುದೆಂದು ಹೇಳಿಬಿಡುತ್ತದೆ. ಎ ಮತ್ತು ಬಿ ಗೇಟುಗಳು ಮೂರನೆಯ ಟರ್ಮಿನಲ್‌ನಲ್ಲಿವೆ. ಸಿ ಮತ್ತು ಡಿ ಒಂದನೆಯದರಲ್ಲಿ, ಇ ಮತ್ತು ಎಫ್ ಎರಡನೆಯದರಲ್ಲಿ, ಜಿ ನಾಲ್ಕನೆಯದರಲ್ಲಿ. ಮಕ್ಕಳು ಬರೆದುಕೊಡುವ ಹಾಳೆಯ ಹಿಂಬದಿಯಲ್ಲಿ ಈ ನಾಲ್ಕು ಸಾಲು ಇದ್ದರೆ ಅದೇ ನಕ್ಷೆ.

ಒಂದು, ಎರಡು, ಮೂರನೆಯ ಟರ್ಮಿನಲ್‌ಗಳ ನಡುವೆ ಸ್ಕೈಟ್ರೇನ್ ಎಂಬ ಚಾಲಕನಿಲ್ಲದ ಪುಟ್ಟ ರೈಲು ಓಡುತ್ತದೆ. ಟಿಕೆಟ್ ಇಲ್ಲ, ಕೆಲವೇ ನಿಮಿಷಗಳಿಗೊಮ್ಮೆ ಬರುತ್ತದೆ, ಹತ್ತಿದರೆ ಮುಂದಿನ ಟರ್ಮಿನಲ್ ಎರಡು ಮೂರು ನಿಮಿಷದ ದಾರಿ. ಚಲಿಸುವ ಪಟ್ಟಿಗಳ ಮೇಲೆ ನಡೆದೂ ಹೋಗಬಹುದು. ಸೀರೆ ಉಟ್ಟವರು ಆ ಪಟ್ಟಿಗಳ ಮತ್ತು ಎಸ್ಕಲೇಟರಿನ ಅಂಚಿಗೆ ನೆರಿಗೆ ಸಿಗದಂತೆ ತುಸು ಎತ್ತಿ ಹಿಡಿದುಕೊಳ್ಳಬೇಕು. ಹತ್ತಲು ಭಯವಾದರೆ ಪ್ರತಿ ಕಡೆಯೂ ಲಿಫ್ಟ್ ಇದೆ. ನಾಲ್ಕನೆಯ ಟರ್ಮಿನಲ್ ಮಾತ್ರ ದೂರದಲ್ಲಿ ಪ್ರತ್ಯೇಕವಾಗಿದೆ. ಅಲ್ಲಿಗೆ ಸ್ಕೈಟ್ರೇನ್ ಹೋಗುವುದಿಲ್ಲ, ನಿಲ್ದಾಣದ ಉಚಿತ ಬಸ್ಸನ್ನೇ ಹತ್ತಬೇಕು. ನಿಮ್ಮ ಗೇಟು ಜಿ ಆಗಿದ್ದರೆ ಹೆಚ್ಚಿಗೆ ಅರ್ಧ ಗಂಟೆ ಇಟ್ಟುಕೊಂಡು, ಅಂಗಡಿಗಳನ್ನು ನೋಡುವ ಮೊದಲೇ ಅಲ್ಲಿಗೆ ತಲುಪಿಕೊಳ್ಳಿ.

ಗೇಟಿನ ಬಾಗಿಲಲ್ಲಿ

ಭಾರತದ ನಿಲ್ದಾಣಗಳಲ್ಲಿ ಭದ್ರತಾ ತಪಾಸಣೆ ಒಳಗೆ ಬಂದ ಕೂಡಲೇ ಮುಗಿಯುತ್ತದೆ. ಗೇಟಿನಲ್ಲಿ ಪಾಸ್ ತೋರಿಸಿ ಹತ್ತುವುದಷ್ಟೇ ಉಳಿದಿರುತ್ತದೆ. ಚಾಂಗಿಯ ಮೊದಲ ಮೂರು ಟರ್ಮಿನಲ್‌ಗಳಲ್ಲಿ ಹಾಗಲ್ಲ. ಪ್ರತಿ ಗೇಟಿನ ಮುಂದೆಯೇ ಎಕ್ಸ್‌ರೇ ಯಂತ್ರವಿರುತ್ತದೆ, ಅದನ್ನು ದಾಟಿ ಗಾಜಿನ ಗೋಡೆಯ ಕೋಣೆಯೊಳಗೆ ಕುಳಿತು ವಿಮಾನಕ್ಕೆ ಕಾಯಬೇಕು. ನಾಲ್ಕನೆಯ ಟರ್ಮಿನಲ್‌ನಲ್ಲಿ ಮಾತ್ರ ತಪಾಸಣೆ ಒಂದೇ ಕಡೆ ನಡೆಯುತ್ತದೆ. ಈ ಒಂದು ವ್ಯವಸ್ಥೆಯಿಂದ ಮೂರು ಎಚ್ಚರಿಕೆಗಳು ಹುಟ್ಟುತ್ತವೆ.

ಒಂದನೆಯದು ನೀರು. ಪಡಸಾಲೆಯಲ್ಲಿ ಅಲ್ಲಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ, ಸಿಂಗಪುರದ ನಲ್ಲಿ ನೀರು ಕುಡಿಯಲು ಯೋಗ್ಯವಾದದ್ದು. ಆದರೆ ತುಂಬಿದ ಬಾಟಲಿಯನ್ನು ಗೇಟಿನ ತಪಾಸಣೆಯಲ್ಲಿ ಬಿಡುವುದಿಲ್ಲ. ಸಾಲಿನಲ್ಲಿ ನಿಂತ ಹಿರಿಯರು ಒಂದು ಲೀಟರ್ ನೀರನ್ನು ಚೆಲ್ಲಲಾರದೆ ಗಟಗಟನೆ ಕುಡಿದು, ಆಮೇಲೆ ಒದ್ದಾಡುವುದನ್ನು ನೋಡಿದ್ದೇನೆ. ಒದ್ದಾಟಕ್ಕೆ ಕಾರಣ ಎರಡನೆಯ ಸಂಗತಿ: ಬಹುತೇಕ ಗೇಟು ಕೋಣೆಗಳ ಒಳಗೆ ಶೌಚಾಲಯವಿಲ್ಲ. ಒಳಗೆ ಹೋದ ಮೇಲೆ ಹೊರಬರಬೇಕಾದರೆ ಸಿಬ್ಬಂದಿಯನ್ನು ಕೇಳಿಕೊಂಡು ಬಂದು, ಮತ್ತೆ ಪೂರ್ತಿ ತಪಾಸಣೆಗೆ ಒಳಗಾಗಬೇಕು. ಆದ್ದರಿಂದ ಗೇಟಿನ ಸಾಲಿಗೆ ಸೇರುವ ಮುನ್ನ ಶೌಚಾಲಯಕ್ಕೆ ಹೋಗಿ ಬನ್ನಿ, ಬಾಟಲಿಯನ್ನು ಬರಿದು ಮಾಡಿಕೊಳ್ಳಿ, ವಿಮಾನ ಹತ್ತಿದ ಮೇಲೆ ಪರಿಚಾರಕಿಯರನ್ನು ನೀರು ಕೇಳಿ.

ಮೂರನೆಯದು ಸಮಯ. ಹೊರಡುವ ಸಮಯಕ್ಕೆ ಐದು ನಿಮಿಷವಿದ್ದಾಗ ಗೇಟಿಗೆ ಓಡಿ ಬಂದವರಿಗೆ ತಪಾಸಣೆಯ ಯಂತ್ರವೇ ಮುಚ್ಚಿರುತ್ತದೆ. ಬೋರ್ಡಿಂಗ್ ಪಾಸಿನಲ್ಲಿ ಹತ್ತುವ ಸಮಯವೆಂದು ಅಚ್ಚಾಗಿರುವುದನ್ನೇ ನೋಡಬೇಕು. ಅದಕ್ಕೂ ಹದಿನೈದು ನಿಮಿಷ ಮೊದಲು ಗೇಟಿನ ಎದುರು ಇರಬೇಕೆಂದು ನಾನು ಹೇಳುತ್ತೇನೆ. ಮೂರನೆಯ ಟರ್ಮಿನಲ್‌ನ ತುದಿಯ ಗೇಟುಗಳಿಗೆ ನಿಧಾನವಾಗಿ ನಡೆಯುವವರಿಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮೈಕಿನಲ್ಲಿ ಹೆಸರು ಕೂಗಿ ಕರೆದಾರೆಂದು ನೆಚ್ಚಿಕೊಂಡು ಕೂರಬೇಡಿ.

ತಪಾಸಣೆಯಲ್ಲಿ ಮೊಬೈಲ್, ಲ್ಯಾಪ್‌ಟಾಪ್, ಬೆಲ್ಟ್, ನಾಣ್ಯಗಳನ್ನು ಟ್ರೇಯಲ್ಲಿಡಬೇಕಾಗುತ್ತದೆ. ಹಿರಿಯರು ಅಲ್ಲಿ ಕಳೆದುಕೊಳ್ಳುವುದು ಸಾಮಾನ್ಯವಾಗಿ ಕನ್ನಡಕವನ್ನು, ಇಲ್ಲವೇ ಪಾಸ್‌ಪೋರ್ಟನ್ನು. ಎರಡನ್ನೂ ಕೈಚೀಲದ ಜಿಪ್ ಇರುವ ಜೇಬಿಗೆ ಹಾಕಿಯೇ ಟ್ರೇಯ ಮೇಲಿಡಿ, ಬಿಡಿಯಾಗಿ ಇಡಬೇಡಿ.

ಕಾಯುವ ಹೊತ್ತು ಹೆಚ್ಚಿದ್ದರೆ

ನಿಲ್ದಾಣದ ವೈಫೈ ಉಚಿತ. ಫೋನಿಗೆ ಅದು ಸಿಗದಿದ್ದರೆ ಮಾಹಿತಿ ಕೌಂಟರಿನವರು ಸಹಾಯ ಮಾಡುತ್ತಾರೆ. ‘ಇಳಿದೆ, ಗೇಟು ಸಿಕ್ಕಿತು’ ಎಂದು ವಾಟ್ಸ್‌ಆ್ಯಪಿನಲ್ಲಿ ಒಂದು ಧ್ವನಿ ಸಂದೇಶ ಕಳುಹಿಸಿದರೆ ಎರಡೂ ಕಡೆ ಕಾಯುವವರ ಜೀವಕ್ಕೆ ಸಮಾಧಾನ. ಕಾಲು ಚಾಚಿ ಮಲಗುವಂಥ ಕುರ್ಚಿಗಳು, ಕಾಲು ಒತ್ತುವ ಯಂತ್ರಗಳು ಅಲ್ಲಲ್ಲಿ ಇವೆ, ದುಡ್ಡು ಕೊಡಬೇಕಿಲ್ಲ. ಆರೇಳು ಗಂಟೆ ಕಳೆಯಬೇಕಾದವರು ಟ್ರಾನ್ಸಿಟ್ ಪ್ರದೇಶದ ಒಳಗೇ ಇರುವ ಹೋಟೆಲಿನಲ್ಲಿ ಗಂಟೆಗಳ ಲೆಕ್ಕದಲ್ಲಿ ಕೋಣೆ ಪಡೆಯಬಹುದು. ಅದಕ್ಕೆ ಇಮಿಗ್ರೇಷನ್ ದಾಟಬೇಕಿಲ್ಲ. ಮೂರನೆಯ ಟರ್ಮಿನಲ್‌ನ ಚಿಟ್ಟೆಗಳ ತೋಟವನ್ನು ಮಕ್ಕಳಿಗೆ ತಪ್ಪದೆ ತೋರಿಸಿ.

ಚಾಂಗಿಯ ಹೆಸರು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಜ್ಯುವೆಲ್ ಕಟ್ಟಡದ ಒಳಗಿನ ಜಲಪಾತವನ್ನು. ವಾಸ್ತುಶಿಲ್ಪಿ ಮೋಶೆ ಸಾಫ್ಡಿ ವಿನ್ಯಾಸಗೊಳಿಸಿದ ಆ ಗಾಜಿನ ಗುಮ್ಮಟ 2019ರಲ್ಲಿ ತೆರೆಯಿತು. ಅದರ ನೆತ್ತಿಯ ರಂಧ್ರದಿಂದ ನೀರು 40 ಮೀಟರ್ ಕೆಳಕ್ಕೆ, ಸುತ್ತಲಿನ ಮರಗಿಡಗಳ ನಡುವೆ ಧುಮುಕುತ್ತದೆ. ಆದರೆ ಜ್ಯುವೆಲ್ ಇರುವುದು ಇಮಿಗ್ರೇಷನ್‌ನ ಆಚೆಗೆ. ವೀಸಾ ಅಥವಾ ಮೇಲೆ ಹೇಳಿದ 96 ಗಂಟೆಗಳ ಸೌಲಭ್ಯ ಇಲ್ಲದವರು ಒಳಗೆ ಹೋಗಲಾರರು. ಅಂಥವರಿಗೂ ಒಂದು ನೋಟ ಸಿಗುತ್ತದೆ: ಎರಡನೆಯ ಮತ್ತು ಮೂರನೆಯ ಟರ್ಮಿನಲ್‌ಗಳ ನಡುವಿನ ಸ್ಕೈಟ್ರೇನ್ ಆ ಕಟ್ಟಡದೊಳಗಿನಿಂದಲೇ ಹಾದುಹೋಗುತ್ತದೆ. ಕಿಟಕಿಯ ಬಳಿ ನಿಂತರೆ ಕೆಲವು ಕ್ಷಣಗಳ ಕಾಲ ಇಡೀ ಜಲಪಾತ ಕಣ್ಣೆದುರು ನಿಲ್ಲುತ್ತದೆ. ಜೋಗವನ್ನು ನೋಡಿ ಬೆಳೆದ ನನ್ನ ತಾಯಿ ಅದಕ್ಕಾಗಿ ಮೂರು ಸಲ ಹತ್ತಿ ಇಳಿದರು. ಬೆಳಗಿನ ಜಾವದಲ್ಲಿ ನೀರು ಹರಿಯುವುದಿಲ್ಲ, ಹಗಲು ಇಳಿದವರಿಗೆ ಮಾತ್ರ ಈ ಭಾಗ್ಯ.

ಐದೂವರೆ ಗಂಟೆಯಿಂದ 24 ಗಂಟೆಯೊಳಗಿನ ಅಂತರವಿರುವ ಪ್ರಯಾಣಿಕರಿಗೆ ನಿಲ್ದಾಣದವರೇ ನಡೆಸುವ ಉಚಿತ ನಗರ ಪ್ರವಾಸವೂ ಇದೆ. ಅದಕ್ಕೂ ಒಳಗೆ ಹೋಗುವ ಅರ್ಹತೆ ಬೇಕು.

ಸಿಂಗಪುರದ ಒಳಗೆ ಹೋಗುವವರಿಗೆ

ಇವರು ‘ಅರೈವಲ್’ ಫಲಕವನ್ನು ಹಿಡಿದು ಕೆಳಗಿಳಿಯಬೇಕು. ಪಾಸ್‌ಪೋರ್ಟನ್ನು ಯಂತ್ರದ ಮೇಲಿಟ್ಟು, ಕ್ಯಾಮೆರಾ ನೋಡಿ ದಾಟುವ ಸ್ವಯಂಚಾಲಿತ ಸಾಲುಗಳು ಈಗ ವಿದೇಶಿಯರಿಗೂ ಇವೆ. ಪಾಸ್‌ಪೋರ್ಟಿಗೆ ಮುದ್ರೆ ಹಾಕುವುದಿಲ್ಲ. ಎಷ್ಟು ದಿನ ಇರಬಹುದೆಂಬ ವಿವರ ಅರೈವಲ್ ಕಾರ್ಡಿನಲ್ಲಿ ಕೊಟ್ಟ ಇ-ಮೇಲ್ ವಿಳಾಸಕ್ಕೆ ಬರುತ್ತದೆ, ಆದ್ದರಿಂದ ಅಲ್ಲಿ ದಿನವೂ ನೋಡುವ ವಿಳಾಸವನ್ನೇ ಕೊಡಿ. ವೀಸಾದ ಅವಧಿಯೂ ಇರಲು ಕೊಟ್ಟ ದಿನಗಳೂ ಬೇರೆ ಬೇರೆ; ಮಿಂಚಂಚೆಯಲ್ಲಿ ಬಂದ ದಿನಾಂಕವನ್ನೇ ಪಾಲಿಸಬೇಕು.

ಮದ್ಯಕ್ಕೆ ಸುಂಕದ ವಿನಾಯಿತಿ ವಯಸ್ಕರಿಗೆ ಒಟ್ಟು ಎರಡು ಲೀಟರ್. ಅದೂ ಹಿಂದಿನ 48 ಗಂಟೆಗಳನ್ನು ಸಿಂಗಪುರದ ಹೊರಗೆ ಕಳೆದವರಿಗೆ ಮಾತ್ರ. ಪೆಟ್ಟಿಗೆಯಲ್ಲಿರುವ ಯಾವುದಾದರೂ ವಸ್ತುವಿನ ಬಗ್ಗೆ ಅನುಮಾನವಿದ್ದರೆ ಸುಂಕದ ಅಧಿಕಾರಿಗಳಿರುವ ಕೆಂಪು ದಾರಿಗೆ ಹೋಗಿ ನೀವಾಗಿಯೇ ತೋರಿಸಿ. ತಾವಾಗಿ ತೋರಿಸಿದವರನ್ನು ಮರ್ಯಾದೆಯಿಂದ ಕಾಣುತ್ತಾರೆ.

ಊರೊಳಗೆ ಹೋಗಲು ಅಗ್ಗವಾದದ್ದು ಎಂಆರ್‌ಟಿ ಮೆಟ್ರೊ. ಅದರ ನಿಲ್ದಾಣ ಎರಡನೆಯ ಮತ್ತು ಮೂರನೆಯ ಟರ್ಮಿನಲ್‌ಗಳ ನಡುವೆ ನೆಲದಡಿಯಲ್ಲಿದೆ. ಅಂತರರಾಷ್ಟ್ರೀಯ ಬಳಕೆಗೆ ಚಾಲೂ ಮಾಡಿಸಿದ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಕಿಸಿ ನೇರ ಹೋಗಬಹುದು. ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು. ಲಿಟಲ್ ಇಂಡಿಯಾ ಕಡೆ ಉಳಿದುಕೊಳ್ಳುವವರು ಮುಂದಿನ ಎಕ್ಸ್‌ಪೋ ನಿಲ್ದಾಣದಲ್ಲಿಯೇ ಇಳಿದು ಡೌನ್‌ಟೌನ್ ಮಾರ್ಗ ಹಿಡಿದರೆ ಮತ್ತೆ ಬದಲಿಸದೆ ಲಿಟಲ್ ಇಂಡಿಯಾ ತಲುಪುತ್ತಾರೆ. ಉಳಿದವರು ತನಾ ಮೆರಾದಲ್ಲಿ ಬದಲಿಸಬೇಕು. ರೈಲಿನೊಳಗೆ ತಿನ್ನುವುದು, ನೀರು ಕುಡಿಯುವುದು ಕೂಡ ದಂಡನೀಯ. ನಡುರಾತ್ರಿ ಇಳಿದವರಿಗೆ ಮೆಟ್ರೊ ಇರುವುದಿಲ್ಲ. ಟ್ಯಾಕ್ಸಿಗೆ ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಆರರವರೆಗೆ ಮೀಟರಿನ ಮೇಲೆ ಅರ್ಧದಷ್ಟು ಹೆಚ್ಚು ಕೊಡಬೇಕು, ವಿಮಾನ ನಿಲ್ದಾಣದ ಹೆಚ್ಚುವರಿ ಶುಲ್ಕ ಬೇರೆ. ಇಬ್ಬರು ಹಿರಿಯರು, ನಾಲ್ಕು ಪೆಟ್ಟಿಗೆ ಇದ್ದರೆ ಹಗಲಿನಲ್ಲಿಯೂ ಟ್ಯಾಕ್ಸಿಯೇ ಸರಿ.

ಮರಳುವಾಗ

ಪ್ರವಾಸಿಗರು ಸಿಂಗಪುರದಲ್ಲಿ ಕೊಂಡ ವಸ್ತುಗಳಿಗೆ ತೆತ್ತ ಶೇ 9ರ ಜಿಎಸ್‌ಟಿಯನ್ನು ಹೊರಡುವಾಗ ಮರಳಿ ಪಡೆಯಬಹುದು. ಈ ಮರುಪಾವತಿ ಯೋಜನೆಯಲ್ಲಿ ಭಾಗವಹಿಸುವ ಅಂಗಡಿಯಲ್ಲಿ ಕಡೆಯ ಪಕ್ಷ 100 ಸಿಂಗಪುರ ಡಾಲರಿನ ಖರೀದಿ ಆಗಿರಬೇಕು, ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿರಬೇಕು. ಇಲ್ಲಿ ಬಹಳ ಜನ ಎಡವುವುದು ಕ್ರಮದಲ್ಲಿ. ಆ ವಸ್ತು ಚೆಕ್-ಇನ್ ಪೆಟ್ಟಿಗೆಯಲ್ಲಿದ್ದರೆ, ಪೆಟ್ಟಿಗೆಯನ್ನು ಕೌಂಟರಿಗೆ ಕೊಡುವ ಮೊದಲೇ ಹೊರಗಿನ ಪಡಸಾಲೆಯ ಮರುಪಾವತಿ ಯಂತ್ರದಲ್ಲಿ ನಮೂದಿಸಬೇಕು, ಅಧಿಕಾರಿಗಳು ವಸ್ತುವನ್ನು ನೋಡಬೇಕೆಂದರೆ ತೋರಿಸಬೇಕು. ಪೆಟ್ಟಿಗೆ ಹೋದ ಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ. ಕೈಚೀಲದಲ್ಲಿಯೇ ಇರುವ ವಸ್ತುವಾದರೆ ಇಮಿಗ್ರೇಷನ್ ದಾಟಿದ ಮೇಲಿನ ಯಂತ್ರ ಸಾಕು.

ವಿಮಾನ ಹೊರಡುವ ಟರ್ಮಿನಲ್ ಯಾವುದೆಂದು ಮನೆಯಿಂದ ಹೊರಡುವ ಮುನ್ನವೇ ನೋಡಿಕೊಂಡು ಟ್ಯಾಕ್ಸಿಯವರಿಗೆ ಹೇಳಿ. ಮೆಟ್ರೊದಲ್ಲಿ ಬಂದವರ ವಿಮಾನ ನಾಲ್ಕನೆಯ ಟರ್ಮಿನಲ್‌ನದ್ದಾಗಿದ್ದರೆ ಅಲ್ಲಿಂದ ಮತ್ತೆ ಬಸ್ಸು ಹತ್ತಬೇಕು, ಆ ಹೊತ್ತನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಒಳಗೆ ಬಂದ ಮೇಲೆ ಉಳಿದದ್ದೆಲ್ಲ ಹೋಗುವಾಗಿನಂತೆಯೇ: ಪರದೆಯಲ್ಲಿ ವಿಮಾನದ ಸಂಖ್ಯೆ, ಗೇಟಿನ ಅಕ್ಷರ, ಶೌಚಾಲಯ, ಬರಿದಾದ ಬಾಟಲಿ. ಬೆಂಗಳೂರಿನಲ್ಲಿ ಇಳಿದ ಮೇಲೆ ಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡು, ಕರೆದೊಯ್ಯಲು ಬರುವವರಿಗೆ ಭಾರತದ ಸಮಯವನ್ನೇ ತಿಳಿಸಿ.